ಬಿ.ಪಿ.ಎಡ್. ಬೇಕೋ, ಹೊಸ ಮಗ್ಗ ಬೇಕೋ

ಗೆಳತಿಯರೇ, ಇವತ್ತು ಗಂಡನನ್ನು ಮನೆಗೆ ಕರೆಸಿಕೊಳ್ಳುವ ಅವಕಾಶ ಸಿಕ್ಕಿತ್ತು, ನಾನೇ ಬಿಟ್ಟುಬಿಟ್ಟೆ! ಮದುವೆಯಾದ ಇಪ್ಪತ್ತನೇ ದಿನಕ್ಕೆ ಅವರು ಪಿ.ಟಿ. ಮಾಸ್ತರಾಗಲು ಬಿ.ಪಿ.ಎಡ್. ಓದಲೆಂದು ಧಾರವಾಡಕ್ಕೆ ಹೋದರು. ನಾನು ಇಳಕಲ್‌ನಲ್ಲಿ, ಅತ್ತೆ ಮಾವನ ಮಗ್ಗದ ಪಕ್ಕದಲ್ಲಿ. ಸೀರೆಯ ಒಡಲಿಗೆ ಸೆರಗಿನ ಎಳೆ ಕೂಡಿಸಲು ಮೂರು ಜನ ಬೇಕು. ಗಂಡನ ಜಾಗದಲ್ಲಿ ಈಗ ನಾನು ಕೂರುತ್ತೇನೆ.

ಇವತ್ತು ಎಳೆ ಕೂಡಿಸುತ್ತಲೇ ಮಾವ, ಮಗನಿಗೆ ಇನ್ನೂ ಕಟ್ಟಬೇಕಾದ ಫೀಸಿನ ಲೆಕ್ಕ ತೆಗೆದರು. "ಫೀಸು, ಹಾಸ್ಟೆಲ್, ಬೂಟು ಎಲ್ಲಾ ಕೂಡಿದ್ರ ಒಂದು ಹೊಸಾ ಮಗ್ಗ ಬರ್ತೈತಿ. ಓಡೂದು ಕಲಿಯಾಕ ರೊಕ್ಕ ಯಾಕ ಬೇಕು? ನಾಯಿ ಬೆನ್ನ ಹತ್ತಿದ್ರ ಪುಕ್ಕಟ ಓಡ್ತಾನ!"

"ಪ್ರೈವೇಟ್ ಸಾಲ್ಯಾಗ ಪಿ.ಟಿ. ಮಾಸ್ತರಗ ಕೊಡೂದು ನೇಕಾರನ ಕೂಲಿಯಷ್ಟ. ಸರಕಾರಿ ನೌಕರಿ ಸಿಕ್ರಷ್ಟ ಫಾಯ್ದೆ" ಎಂದರು ಅತ್ತೆ.

ಮಾವ ನನ್ನ ಕಡೆ ತಿರುಗಿದರು. "ನೀ ಹೂಂ ಅನ್ನವ್ವಾ, ನಾಳೆನ ಕರಸ್ತೇನಿ."

ಹೂಂ ಅನ್ನಲು ಬಾಯಿ ತೆರೆದೆ, ಆಣೆ! ಆದರೆ ಬಿಳಿ ಬೂಟು ಕೊಂಡ ದಿನ ಅವರು ಅದನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದ್ದು ನೆನಪಾಯಿತು.

"ಫೀಸು ಕಟ್ರಿ ಮಾವಾರ. ಮೂರನೇ ಕೈ ನಾ ಅದೀನಲ್ರಿ" ಎಂದೆ.

"ಹೆಂಡ್ತಿನ ಹಿಂಗಂದ ಮ್ಯಾಲ ನಂದೇನೈತಿ?" ಎಂದು ಮಾವ ಮತ್ತೆ ಎಳೆ ಹಿಡಿದರು.

ಶಾಲೆಯಲ್ಲಿ ಪಿ.ಟಿ. ಪಿರಿಯಡ್ ಬಂದರೆ ಹೊಟ್ಟೆನೋವೆಂದು ಕ್ಲಾಸಿನಲ್ಲೇ ಉಳಿಯುತ್ತಿದ್ದವಳು ನಾನು, ನಿಮಗೆ ಗೊತ್ತಲ್ಲ! ಇವತ್ತು ಪಿ.ಟಿ. ಮಾಸ್ತರನ ಪರ ವಾದಿಸಿ ಗೆದ್ದೆ. ಆಗ ಎಲ್ಲರೂ ಗ್ರೌಂಡಿನಲ್ಲಿ, ನಾನೊಬ್ಬಳೇ ಒಳಗೆ; ಈಗ ಅವರು ಗ್ರೌಂಡಿನಲ್ಲಿ, ನಾನು ಮಗ್ಗದ ಪಕ್ಕ ಒಳಗೆ. ಅದು ಮಾತ್ರ ಬದಲಾಗಿಲ್ಲ.