ನಾಲ್ಕನೇ ದಿನದ ಹೊಟ್ಟೆ

ನನ್ನ ಮಗಳು ಹುಟ್ಟಿದ್ದು ಸೂರತ್‌ನಲ್ಲಿ, ಸಿಸೇರಿಯನ್ ಆಗಿ. ನಮ್ಮವರದು ಬ್ಯಾಂಕಿನ ಕೆಲಸ. ಮೈಸೂರಿನಿಂದ ಗುಜರಾತಿಗೆ ವರ್ಗವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನನಗೆ ತಾಯಿ ಇಲ್ಲ, ಹಾಗಾಗಿ ಬಾಣಂತನಕ್ಕೆ ಅತ್ತೆಯೇ ಬಂದರು. ಬಂದವರು ನಮ್ಮ ಜೊತೆಯಲ್ಲೇ ಉಳಿದರು. ಆ ಬಾಣಂತನವನ್ನು ಅವರು ಚೆನ್ನಾಗಿ ಮಾಡಿದರು, ಇಲ್ಲವೆಂದರೆ ನನ್ನ ನಾಲಿಗೆಗೆ ಪಾಪ. ಮಗುವಿಗೆ ಎಣ್ಣೆ ತಿಕ್ಕುತ್ತಾ ಒಂದು ಮಾತು ಮಾತ್ರ ಆಗಾಗ ಹೇಳುತ್ತಿದ್ದರು.

"ನಾವೆಲ್ಲ ಬೇನೆ ತಿಂದು ಹೆತ್ತವರು. ನಿನ್ನನ್ನು ಮಲಗಿಸಿದರು, ಕೊಯ್ದರು, ಮಗೂನ ಕೈಗೆ ಕೊಟ್ಟರು. ಪುಣ್ಯವಂತೆ ಕಣೇ ನೀನು."

ಮಗು ಮೊಲೆ ಬಿಟ್ಟ ಮೇಲೆ ನನ್ನ ಬೇನೆ ಶುರುವಾಯಿತು. ಅಷ್ಟು ಹೊತ್ತಿಗೆ ವಡೋದರಾಕ್ಕೆ ವರ್ಗವಾಗಿತ್ತು. ಹೊಲಿಗೆಯ ಗುರುತಿನ ಬಲತುದಿಯಲ್ಲಿ ಒಂದು ಗಂಟು. ಮುಟ್ಟಾಗುವ ಹಿಂದಿನ ದಿನ ಅಲ್ಲಿ ಚಳುಕು ಏಳುತ್ತಿತ್ತು, ಆದ ಮೇಲೆ ನೆಲ್ಲಿಕಾಯಿಯಷ್ಟು ಊದಿ ಮೇಲಿನ ಚರ್ಮ ನೀಲಿಗಟ್ಟುತ್ತಿತ್ತು. ಸೀರೆಯ ನೆರಿಗೆ ತಾಗಿದರೂ ಕಣ್ಣು ಕತ್ತಲಿಡುತ್ತಿತ್ತು.

ನಮ್ಮ ಮನೆಯಲ್ಲಿ ತಿಂಗಳಿಗೆ ಮೂರು ದಿನ ದೂರ ಕೂರುತ್ತೇವೆ. ಯಾರನ್ನೂ ಮುಟ್ಟುವ ಹಾಗಿಲ್ಲ, ಏನನ್ನೂ ಮುಟ್ಟುವ ಹಾಗಿಲ್ಲ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುವುದು. ನಾನೂ ಅದನ್ನೇ ನಂಬಿ ಬೆಳೆದವಳು, ಇವತ್ತಿಗೂ ಬಿಟ್ಟಿಲ್ಲ. ವಡೋದರಾದ ಫ್ಲ್ಯಾಟಿನಲ್ಲಿ ದೂರ ಎಂದರೆ ಅಡುಗೆಮನೆ ಹಿಂದಿನ ಬಾಲ್ಕನಿ. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಬಾಲ್ಕನಿಗೆ ಗಾಜು ಹಾಕಿಸಿದ್ದರು, ಮಳೆಯ ಇರಚಲು ಬರುತ್ತಿರಲಿಲ್ಲ. ಅಷ್ಟರಮಟ್ಟಿಗೆ ದೇವರು ನನ್ನ ಕಡೆಗಿದ್ದ.

ಮಗಳು ಒಮ್ಮೆ ನಾನು ನರಳುವುದು ಕೇಳಿ ಓಡಿ ಬಂದು ಹೊಟ್ಟೆಯ ಮೇಲೆ ಕೈ ಇಟ್ಟಳು. ಚಳಿಗಾಲ. ಅತ್ತೆ ಅವಳನ್ನು ಬಟ್ಟೆ ಸಮೇತ ನಲ್ಲಿಯ ಕೆಳಗೆ ನಿಲ್ಲಿಸಿದರು. ಆಮೇಲೆ ಅವಳು ಬಾಲ್ಕನಿ ಬಾಗಿಲಿಗೆ ಕಾವಲು ನಿಂತು, ಬಂದವರಿಗೆಲ್ಲ ಹಿಂದಿಯಲ್ಲಿ ಮಮ್ಮಿಯನ್ನು ಮುಟ್ಟಬೇಡಿ ಎಂದು ಹೇಳತೊಡಗಿದಳು. ಹಾಲು ಕೊಡುವ ಹೆಂಗಸಿಗೂ ಹೇಳಿದಳು.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ ಎಂದು ಯಾರೂ ತಿಳಿಯಬಾರದು. ನಮ್ಮವರು ತಪ್ಪದೆ ಕರೆದುಕೊಂಡು ಹೋಗುತ್ತಿದ್ದರು. ಆದರೆ ನಾಲ್ಕನೇ ದಿನ, ನೀರು ಹಾಕಿಕೊಂಡ ಮೇಲೆ. ಅದಕ್ಕೆ ಮೊದಲು ಅವರ ಸ್ಕೂಟರಿನ ಹಿಂದೆ ನಾನು ಕೂರುವುದು ಹೇಗೆ? ಅಷ್ಟರಲ್ಲಿ ಊತ ಇಳಿದಿರುತ್ತಿತ್ತು. ಡಾಕ್ಟರು ಒತ್ತಿ ನೋಡಿ "ಎಲ್ಲಿ?" ಎನ್ನುತ್ತಿದ್ದರು. ನಾನೇ ನನ್ನ ಹೊಟ್ಟೆಯಲ್ಲಿ ಬೆರಳಿಟ್ಟು ಹುಡುಕಬೇಕಾಗುತ್ತಿತ್ತು. ಒಬ್ಬರು ಹೊಲಿಗೆಯ ದಾರ ಉಳಿದಿದೆ ಅಂದರು. ಇನ್ನೊಬ್ಬರು ಹರ್ನಿಯಾ ಇರಬಹುದೆಂದು ಬೆಲ್ಟ್ ಕೊಟ್ಟರು. ಮೂರನೆಯವರು ಗ್ಯಾಸ್ ಅಂದರು. ಮನೆಗೆ ಬಂದರೆ ಅತ್ತೆ ಮಗನನ್ನು ಕೇಳುತ್ತಿದ್ದರು, "ಏನಂದ್ರೋ?"

"ಏನೂ ಇಲ್ಲವಂತೆ ಅಮ್ಮ."

"ನಾನು ದುಡ್ಡು ತೊಗೊಳ್ಳದೇ ಹೇಳಿದ್ದೆ."

ಅವರ ಕೈಗೆ ಪುರಾವೆಯೂ ಸಿಕ್ಕಿತು. ಒಂದು ವರ್ಷ ಹಬ್ಬಗಳಲ್ಲಿ ನಾನು ಹೊರಗಾಗಬಾರದೆಂದು ಮುಟ್ಟು ಮುಂದೂಡುವ ಮಾತ್ರೆ ತರಿಸಿ, ಗೌರಿಹಬ್ಬಕ್ಕೆ ಶುರು ಮಾಡಿದ್ದನ್ನು ನವರಾತ್ರಿ ಮುಗಿಯುವ ತನಕ ನುಂಗಿಸಿದರು. ಅಷ್ಟೂ ದಿನ ಗಂಟು ಏಳಲಿಲ್ಲ. ನಾನು ನೆಲ ಒರೆಸಿದೆ, ಹೋಳಿಗೆ ತಟ್ಟಿದೆ, ಪ್ರದಕ್ಷಿಣೆ ನಮಸ್ಕಾರ ಹಾಕಿದೆ. ಹಬ್ಬಕ್ಕೆ ಬಂದ ಕನ್ನಡದ ಹೆಂಗಸರ ಎದುರಿಗೆ ಅತ್ತೆ ನಗುತ್ತಾ ಹೇಳಿದರು. "ದೇವರ ಕೆಲಸ ಇದ್ದಾಗ ನಮ್ಮ ಸೊಸೆಗೆ ನೋವು ಬರಲ್ಲ. ಮೂಲೇಲಿ ಕೂತು ಬೇಜಾರಾದಾಗ ಬರತ್ತೆ." ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ನಾನು ಕೋಸಂಬರಿ ಬಡಿಸುತ್ತಿದ್ದೆ, ಬಡಿಸಿದೆ.

ನನಗಿದ್ದ ಆಸೆ ಒಂದೇ. ನೋವು ಹೋಗಲಿ ಬಿಡಲಿ, ಅದು ಸುಳ್ಳಲ್ಲ ಎಂದು ಯಾರಾದರೂ ಒಬ್ಬರು ಈ ಮನೆಯಲ್ಲಿ ಹೇಳಬೇಕು. ದೀಪ ಹಚ್ಚುವಾಗ ಬೇರೇನನ್ನೂ ಬೇಡಲಿಲ್ಲ.

ಅಹಮದಾಬಾದಿಗೆ ಬಂದ ಮೇಲೆ ನವರಂಗಪುರದಲ್ಲಿ ಒಬ್ಬ ಲೇಡಿ ಡಾಕ್ಟರು ಸಿಕ್ಕರು. ವಯಸ್ಸಾದ ಗುಜರಾತಿ ಹೆಂಗಸು, ನಯವಾಗಿ ಮಾತಾಡುವ ಅಭ್ಯಾಸವಿಲ್ಲ. ಒತ್ತಿ ನೋಡಿ, "ಯಾವಾಗ ನೋಯುತ್ತೆ ಬೆನ್?" ಎಂದು ಗುಜರಾತಿಯ ‘ಅಕ್ಕ’ ಸೇರಿಸಿ ಹಿಂದಿಯಲ್ಲಿ ಕೇಳಿದರು.

"ಮುಟ್ಟಾದಾಗ."

"ಆಗ ಯಾಕೆ ಬರಲಿಲ್ಲ?"

ನಾನು ನಮ್ಮವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. "ನಮ್ಮಲ್ಲಿ ಆಗ ಹೊರಗೆ ಬರೋ ಹಾಗಿಲ್ಲ ಮೇಡಂ," ಅಂದರು ಅವರು.

ಇಲ್ಲಿ ಬೆಂಕಿ ಆರಿಸುವ ಗಾಡಿಗೆ ಬಂಬಾ ಎನ್ನುತ್ತಾರೆ. "ಮನೆ ಉರಿದು ಬೂದಿಯಾದ ಮೇಲೆ ಬಂಬಾಗೆ ಫೋನ್ ಮಾಡೋ ಜನ ನೀವು," ಅಂದರು ಡಾಕ್ಟರು. ಯಾವುದಾದರೂ ಮಾತ್ರೆಗೆ ಕಡಿಮೆಯಾಗಿತ್ತೇ ಎಂದೂ ಕೇಳಿದರು. ನಮ್ಮವರು ಹಬ್ಬದ ಮಾತ್ರೆಯ ಕಥೆಯನ್ನು ತಮಾಷೆಯ ಹಾಗೆ ಹೇಳಿದರು. ಡಾಕ್ಟರು ನಗಲಿಲ್ಲ, ಪೆನ್ನು ಕೆಳಗಿಟ್ಟರು. "ಮುಂದಿನ ತಿಂಗಳು ಎರಡನೇ ದಿನ ಕರಕೊಂಡು ಬನ್ನಿ. ನಾನು ಮುಟ್ಟುತ್ತೇನೆ, ನನಗೇನೂ ಆಗಲ್ಲ."

ಎರಡನೇ ದಿನ ನಾನು ಆಟೋದಲ್ಲಿ ಹೋದೆ. ನಮ್ಮವರು ಮೈಲಿಗೆಯಾಗದ ಹಾಗೆ ಸ್ಕೂಟರಿನಲ್ಲಿ ಹಿಂದೆ ಬಂದರು. ಸಿಗ್ನಲ್‌ಗಳಲ್ಲಿ ಪಕ್ಕಕ್ಕೆ ಬಂದು ನಿಂತಾಗ ನಾನು ಯಾರ ಹೆಂಡತಿಯೋ ಎಂಬಂತೆ ಮುಂದೆ ನೋಡುತ್ತಿದ್ದರು.

ಡಾಕ್ಟರು ಗಂಟಿನ ಮೇಲೆ ಬೆರಳಿಟ್ಟ ಕೂಡಲೇ ನಾನು ಕೂಗಿಕೊಂಡೆ. ಪರದೆಯ ಆಚೆ ನಮ್ಮವರ ಕುರ್ಚಿ ಸರಿದ ಸದ್ದಾಯಿತು. ಅಷ್ಟು ವರ್ಷಗಳಲ್ಲಿ ಅವರು ಆ ಕೂಗು ಕೇಳಿದ್ದು ಅದೇ ಮೊದಲು. ಸ್ಕ್ಯಾನ್ ಅವತ್ತೇ ಆಯಿತು. ಡಾಕ್ಟರು ಕೂರಿಸಿಕೊಂಡು ಹೇಳಿದರು. ಸಿಸೇರಿಯನ್ ಮಾಡುವಾಗ ಗರ್ಭಕೋಶದ ಒಳಪದರದ ಚೂರು ಕೆಲವರಿಗೆ ಗಾಯದಲ್ಲಿ ಉಳಿದುಬಿಡುತ್ತದೆ, ಅಲ್ಲೇ ಬೆಳೆಯುತ್ತದೆ. ತಿಂಗಳು ತಿಂಗಳೂ ಗರ್ಭಕೋಶದ ಜೊತೆಗೆ ಅದೂ ರಕ್ತ ಸುರಿಸುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಗಟ್ಟಿಯಾಗುತ್ತದೆ. ಇದಕ್ಕೆ ಎಂಡೊಮೆಟ್ರಿಯೋಸಿಸ್ ಅನ್ನುತ್ತಾರೆ. ಹಬ್ಬದ ಮಾತ್ರೆ ಅದನ್ನು ಮಲಗಿಸಿತ್ತು, ಅಷ್ಟೇ. ಬೇರು ಉಳಿದರೆ ಮತ್ತೆ ಬರುತ್ತದೆ, ಆದ್ದರಿಂದ ಸುತ್ತಲಿನ ಒಳ್ಳೆಯ ಮಾಂಸವನ್ನೂ ಒಂದು ಬೆರಳಗಲ ಸೇರಿಸಿ ಕೊಯ್ದು ತೆಗೆಯಬೇಕು.

ತೆಗೆದರು. ಹೊಟ್ಟೆಯ ಗೋಡೆಯಲ್ಲಿ ಬಿದ್ದ ಸಂದಿಗೆ ಜಾಲರಿ ಇಟ್ಟು ಹೊಲಿದರು. ಗಂಟನ್ನು ಪರೀಕ್ಷೆಗೆ ಕಳಿಸಿದಾಗ ಡಾಕ್ಟರು ಹೇಳಿದ್ದೇ ನಿಜವಾಯಿತು, ಅಂಚಿನಲ್ಲಿ ಏನೂ ಉಳಿದಿರಲಿಲ್ಲ. ಇದು ದೊಡ್ಡ ದಯೆ, ಸಣ್ಣದಲ್ಲ.

ರಿಪೋರ್ಟ್ ಬಂದ ದಿನ ನಮ್ಮವರು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದರು. "ಅಮ್ಮ, ಇವಳು ಸುಳ್ಳು ಹೇಳ್ತಿರಲಿಲ್ಲ. ಮುಟ್ಟಿನ ರಕ್ತವೇ ಒಳಗೆ ಕಟ್ಟಿಕೊಂಡಿತ್ತಂತೆ." ನಾನು ಕೋಣೆಯಲ್ಲಿ ಮಲಗಿದ್ದೆ. ಕೊನೆಗೂ ಆ ಮಾತು ಕೇಳಿ ಕಣ್ಣು ತುಂಬಿ ಬಂತು.

ಅತ್ತೆ ಕೇಳಿದರು. "ತಿಂಗಳು ಪೂರ್ತಿ ಒಳಗೇ ಇತ್ತೇನೋ?"

"ಹೂಂ."

"ಅಂದರೆ ನಾಲ್ಕನೇ ದಿನ ನೀರು ಹಾಕ್ಕೊಂಡು ಒಳಗೆ ಬಂದಾಗಲೂ?"

ನಮ್ಮವರು ಚಪ್ಪಲಿ ಬಿಡಲು ಬಗ್ಗಿದರು.

"ಇಷ್ಟು ವರ್ಷ ಅದನ್ನೇ ಹೊಟ್ಟೇಲಿ ಇಟ್ಕೊಂಡು ನೈವೇದ್ಯಕ್ಕೆ ಅಡುಗೆ ಮಾಡಿದಳು ಅಂತಾಯ್ತು."

ಅವತ್ತೇ ಉಪ್ಪಿನಕಾಯಿಯ ಭರಣಿ ಚರಂಡಿಗೆ ಬರಿದಾಯಿತು, ಅರ್ಧ ಮುಗಿದಿದ್ದ ತುಪ್ಪವೂ ಹೋಯಿತು. ದೀಪದ ಕಂಬಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು. ಪುರೋಹಿತರನ್ನು ಕರೆಸಿ ಮನೆ ಶುದ್ಧಿಗೆ ಪುಣ್ಯಾಹ ಇಟ್ಟುಕೊಂಡರು. ಕನ್ನಡದ ಮನೆಗಳಿಗೆಲ್ಲ ಫೋನ್ ಹೋಯಿತು, ಕಾರಣ ಸಮೇತ. ಹೊಲಿಗೆ ಒಣಗಿರಲಿಲ್ಲ, ಆದರೂ ನಾನು ಮಣೆಯ ಮೇಲೆ ಬಗ್ಗಿ ಕೂತೆ. ಪುರೋಹಿತರು ಮಾವಿನೆಲೆಯಿಂದ ಎಲ್ಲರ ತಲೆಗೂ ನೀರು ಚಿಮುಕಿಸಿದರು. ನನ್ನ ಸರದಿ ಬಂದಾಗ ಅತ್ತೆ, "ಅವಳಿಗೆ ಸ್ವಲ್ಪ ಜಾಸ್ತಿ ಹಾಕಿ" ಅಂದರು. ಹೆಂಗಸರು ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು. "ಅಮ್ಮ ಹೇಳಿದ್ದನ್ನ ಮನಸ್ಸಿಗೆ ಹಚ್ಕೋಬೇಡ," ಅಂದರು ನಮ್ಮವರು, ಊಟದ ಎಲೆ ಎತ್ತುವಾಗ.

ಆಮೇಲೆ ಮೊದಲ ಸಲ ಮುಟ್ಟಾದಾಗ ಚಾಪೆ ಹಾಸಿಕೊಂಡು ಈ ಮನೆಯ ಬಾಲ್ಕನಿಯಲ್ಲಿ ಕಾದೆ. ಹಲ್ಲು ಕಚ್ಚಿ ಹಿಡಿದು ಅಭ್ಯಾಸವಾಗಿತ್ತು, ಕಚ್ಚಿಯೇ ಕೂತಿದ್ದೆ. ಚಳುಕು ಏಳಲಿಲ್ಲ. ಎರಡನೇ ದಿನವೂ ಇಲ್ಲ.

ಅತ್ತೆ ಹೊಸ್ತಿಲ ಆಚೆಯಿಂದ ತಟ್ಟೆಗೆ ಎತ್ತರದಿಂದ ಅನ್ನ ಹಾಕಿದರು. "ನೋವು?"

"ಇಲ್ಲ ಅತ್ತೆ."

"ನೋಡಿದೆಯಾ. ಪುಣ್ಯಾಹ ಅಂದರೆ ಸುಮ್ಮನೆ ಅಲ್ಲ." ಸಾರು ಹಾಕಿದರು. "ಮೊದಲೇ ಮಾಡಿಸಿದ್ದರೆ ಕೊಯ್ಯಿಸೋದೂ ತಪ್ಪುತ್ತಿತ್ತು."

"ಹೂಂ ಅತ್ತೆ," ಅಂದೆ. ಊಟ ಮಾಡಿ, ತಟ್ಟೆ ತೊಳೆದಿಟ್ಟು, ಗಂಟಿದ್ದ ಬಲಮಗ್ಗುಲಿಗೆ ಹೊರಳಿ ಮಲಗಿದೆ.