ಬಯಲು ಕಛೇರಿಯ ‘ಅಡ್ಡಿಲ್ಲ’

ಬಯಲಿನಲ್ಲಿ ಹಾಡುವುದು ನನಗೆ ಮೊದಲಿನಿಂದಲೂ ಸೇರದು. ಸಂಗೀತಕ್ಕೆ ನಾಲ್ಕು ಗೋಡೆ ಬೇಕು, ಮೇಲೊಂದು ಸೂರು ಬೇಕು, ಹಾಡಿದ್ದು ಹೋಗಿ ತಟ್ಟಿ ವಾಪಸು ಬರಬೇಕು. ಬಯಲಿನಲ್ಲಾದರೆ ಗಾಳಿ ತಿಂದು, ಜೀರುಂಡೆ ತಿಂದು, ಕೊನೆಗೆ ನಮ್ಮ ಪಾಲಿಗೆ ಉಳಿಯುವುದು ಜನರೇಟರಿನ ಸದ್ದು. ಇಷ್ಟು ಗಟ್ಟಿ ಅಭಿಪ್ರಾಯ ಇಟ್ಟುಕೊಂಡ ನಾನು ಕೊಪ್ಪಕ್ಕೆ ಬಂದ ಮೇಲೆ ಬೇಸಿಗೆಯ ಒಂದು ಬಯಲು ಕಛೇರಿಯನ್ನೂ ಬಿಟ್ಟಿಲ್ಲ. ಸಂಗೀತದ ಹುಚ್ಚು ಎಂದು ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ. ನಿಜ ಏನೆಂದರೆ, ಭಾನುವಾರ ಸಂಜೆ ಮನೆಯಲ್ಲಿ ಒಬ್ಬಳೇ ಕೂರಲು ನನ್ನಿಂದ ಆಗುತ್ತಿರಲಿಲ್ಲ.

ನಾನು ಮಂಡ್ಯದ ಕಡೆಯವಳು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ. ಮದುವೆ ಎಂಬುದೊಂದು ಆಗಿತ್ತು, ಮುಗಿದಿತ್ತು. ಅದರ ಬೆನ್ನಿಗೇ ವರ್ಗವಾಗಿ ಈ ಕಡೆ ಬಂದೆ. ಕಿಟಕಿಯ ಹಿಂದೆ ಕೂತು ದಿನವಿಡೀ ನಾನು ಆಡುವ ಮಾತು ಒಂದೇ: ‘ಊಟ ಆದ ಮೇಲೆ ಒಂದು, ಮಲಗುವಾಗ ಒಂದು.’ ಬಾಡಿಗೆ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಅದೂ ಇಲ್ಲ. ಚಿಕ್ಕಂದಿನಲ್ಲಿ ಕಲಿತ ಸಂಗೀತ ಒಂದು ಕೈಬಿಟ್ಟಿರಲಿಲ್ಲ. ಬೆಳಗ್ಗೆ ಎದ್ದು ಫೋನಿನಲ್ಲಿ ಶ್ರುತಿ ಹಾಕಿಕೊಂಡು ಹಾಡುತ್ತಿದ್ದೆ. ಕೆಳಗಿನ ಮನೆಯವರು ಟಿವಿ ಜೋರು ಮಾಡುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ.

ರಕ್ತದೊತ್ತಡದ ಮಾತ್ರೆಗೆ ಬರುತ್ತಿದ್ದ ಕಮ್ಮರಡಿಯ ನಿವೃತ್ತ ಮೇಷ್ಟರೊಬ್ಬರು ಒಂದು ದಿನ ಕಿಟಕಿಯ ಕಂಡಿಗೆ ಕಿವಿ ಕೊಟ್ಟು ನಿಂತರು. ಮಾತ್ರೆ ಎಣಿಸುತ್ತಾ ನಾನು ಏನೋ ಗುನುಗುತ್ತಿದ್ದೆ.

“ಕಲ್ಯಾಣಿ ಅಲ್ವಾ ಮೇಡಂ ಅದು?”

“ಹೌದು. ಊಟ ಆದ ಮೇಲೆ ಒಂದು,” ಎಂದೆ ನಾನು, ಬಾಯಿಪಾಠ ಎಂಬಂತೆ.

“ಕಲ್ಯಾಣಿನಾ, ಮಾತ್ರೆನಾ?” ಎಂದು ನಕ್ಕರು. “ಭಾನುವಾರ ಶೃಂಗೇರಿಲಿ ಹೊಳೆ ಬದಿ ಕಛೇರಿ ಇದೆ. ನಮ್ಮ ವ್ಯಾನು ಹೋಗ್ತದೆ. ಒಂದು ಸೀಟು ಖಾಲಿ ಇದೆ, ಬನ್ನಿ.”

ಹೀಗೆ ಆ ವ್ಯಾನಿನಲ್ಲಿ ನನಗೊಂದು ಜಾಗ ಸಿಕ್ಕಿತು. ವ್ಯಾನು ಮೇಷ್ಟರದು, ಓಡಿಸುವವರೂ ಅವರೇ. ಅವರ ಪಕ್ಕದಲ್ಲಿ ನರಸಿಂಹರಾಜಪುರದ ಸಾಹೇಬರು. ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟವರು, ಮೃದಂಗ ಎಂದರೆ ಅಂಗಡಿಯನ್ನೇ ಮರೆಯುವವರು. ಹಿಂದಿನ ಸೀಟಿನಲ್ಲಿ ಭಂಡಿಗಡಿಯ ಅಮ್ಮ ಮತ್ತು ನಾನು. ಅಮ್ಮ ತೋಟ, ಗದ್ದೆ ಎಲ್ಲವನ್ನೂ ತಾನೇ ನಿಂತು ನೋಡಿಕೊಳ್ಳುವ ಗಟ್ಟಿಗಿತ್ತಿ. ಎಲ್ಲಿಗೆ ಹೋಗಲಿ, ಕಂಕುಳಲ್ಲಿ ಒಂದು ಅಡಿಕೆ ಹಾಳೆ. ಕುರ್ಚಿ ಎಂದರೆ ಅವರಿಗೆ ಆಗದು, ಹಾಳೆ ಹಾಸಿ ನೆಲಕ್ಕೇ ಕೂರುವುದು.

ಕಛೇರಿಗಿಂತ ಜೋರಾಗಿರುತ್ತಿದ್ದುದು ಹೋಗುವಾಗಿನ ಜಗಳ. ಬಯಲು ಮೇಲೋ ಸಭಾಂಗಣ ಮೇಲೋ ಎಂಬುದು ಅವರಲ್ಲಿ ಬಗೆಹರಿಯದ ವ್ಯಾಜ್ಯ.

“ಸಭಾಂಗಣದಲ್ಲಿ ಕೂತ್ರೆ ಕೆಮ್ಮೋಕೂ ಹೆದರಿಕೆ ಆಗ್ತದೆ ಮಾರಾಯ್ರೇ,” ಎನ್ನುವರು ಸಾಹೇಬರು. “ಬಯಲಲ್ಲಾದ್ರೆ ಹಿಡಿಸ್ಲಿಲ್ಲ ಅಂದ್ರೆ ಎದ್ದು ಹೋಗಿ ಒಂದು ಚಾ ಕುಡಿದು ಬರಬಹುದು. ಹಾಡೋರಿಗೂ ಬೇಜಾರಿಲ್ಲ, ಕೇಳೋರಿಗೂ ಬೇಜಾರಿಲ್ಲ.”

“ಎಂತ ಬಯಲು? ಬಯಲಲ್ಲಿ ಹಾಡೋದು ವಿದ್ವಾಂಸರಲ್ಲ, ಸೌಂಡಿನವನು,” ಎನ್ನುವರು ಮೇಷ್ಟರು. ಮೈಕಿನ ಮೇಲೆ ಅವರಿಗೆ ಹಳೆಯ ದ್ವೇಷ. ತಂಬೂರಿಗೆ ಇಟ್ಟ ಮೈಕು ತಂಬೂರಿಗಿಂತ ದೊಡ್ಡದಾಗಿ ಕಾಣಿಸಿದ ದಿನ ವ್ಯಾನು ಹತ್ತುವ ತನಕ ಗೊಣಗಿದ್ದರು.

“ನೀವಿಬ್ರೂ ಒಂದ್ಸಲ ನೆಲಕ್ಕೆ ಕೂತು ಕೇಳಿ,” ಎಂದು ಅಮ್ಮನ ತೀರ್ಪು. “ಮೃದಂಗ ಕೆಳಗಿಂದ ಮೈಗೆ ಬರ್ತದೆ. ಕುರ್ಚಿಲಿ ಕೂತ್ರೆ ಎಂತ ಬರ್ತದೆ, ಸೊಂಟನೋವು.”

ಹೋಗುವಾಗ ಇಷ್ಟು ಮಾತಾಡುವ ಜನ ಬರುವಾಗ ಮೌನಿಗಳು. ನನಗೆ ಇದು ಅರ್ಥವೇ ಆಗುತ್ತಿರಲಿಲ್ಲ. ನಮ್ಮೂರಲ್ಲಿ ಹಾಡು ಹಿಡಿಸಿದರೆ ಪಕ್ಕದವರ ತೊಡೆ ತಟ್ಟಿ ‘ಪಸಂದಾಗಿತ್ತು ಕಣವ್ವ’ ಎನ್ನುತ್ತೇವೆ. ಹಿಡಿಸದಿದ್ದರೆ ಹಾಡಿದವರ ವಂಶವನ್ನೇ ಜಾಲಾಡುತ್ತೇವೆ. ಇಲ್ಲಿ ಎರಡೇ ವಿಧ. ಒಂದು ದಿನ ಮೂವರೂ ವ್ಯಾನು ಹತ್ತಿ, “ಈ ಸಲ ಹಲಸು ಜೋರು ಬಿಟ್ಟಿದೆ,” ಎಂದು ಶುರು ಮಾಡಿ ಕೊಪ್ಪ ಬರುವ ತನಕ ಹಲಸನ್ನೇ ಹಿಡಿದುಕೊಳ್ಳುತ್ತಿದ್ದರು. ಇನ್ನೊಂದು ದಿನ ಬಹಳ ಹೊತ್ತು ಸುಮ್ಮನಿದ್ದು, ಒಬ್ಬರು “ಅಡ್ಡಿಲ್ಲ” ಎನ್ನುವರು. ಇನ್ನೊಬ್ಬರೂ “ಹ್ಞೂಂ, ಅಡ್ಡಿಲ್ಲ.” ಅಷ್ಟೇ, ವಿಮರ್ಶೆ ಮುಗಿಯಿತು. ನಮ್ಮ ಕಡೆ ‘ಅಡ್ಡಿಯಿಲ್ಲ’ ಎಂಬುದು ಹುಳಿ ಹೆಚ್ಚಾದ ಸಾರಿಗೆ ಹೇಳುವ ಮಾತು. ಬಡಿಸಿದ್ದೀರಿ, ಉಣ್ಣುತ್ತೇವೆ ಎಂದು ಅರ್ಥ. ಹೊಗಳಿಕೆಯಲ್ಲಿ ಇಷ್ಟು ಜಿಪುಣತನವೇ ಎಂದು ಒಳಗೇ ಬೈದುಕೊಳ್ಳುತ್ತಿದ್ದೆ. ಹಲಸಿಗಿರುವ ಮರ್ಯಾದೆ ಹಾಡಿಗಿಲ್ಲ ಎಂದುಕೊಳ್ಳುತ್ತಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ನರಸಿಂಹರಾಜಪುರದ ಕಡೆ, ಭದ್ರೆಯ ಹಿನ್ನೀರು ಹಿಂದೆ ಸರಿದು ಬಿಟ್ಟುಕೊಟ್ಟ ಬಯಲಿನಲ್ಲಿ ಒಂದು ಸಂಗೀತೋತ್ಸವ ನಡೆಯಿತು. ದೊಡ್ಡ ವಿದ್ವಾಂಸರು ಕೂರುವ ಮೊದಲು ಊರಿನವರಿಗೆಂದು ಸ್ವಲ್ಪ ಹೊತ್ತು ಬಿಟ್ಟಿದ್ದರು. ಸಾಹೇಬರು ನನ್ನನ್ನು ಕೇಳದೆಯೇ ನಡೆಸುವವರಿಗೆ ನನ್ನ ಹೆಸರು ಕೊಟ್ಟು ಬಂದಿದ್ದರು. “ಬೈಬೇಡಿ ಅಕ್ಕ, ಹೇಳಿ ಆಗಿದೆ,” ಎಂದರು. ಬೈದೆ. ಆದರೆ ಆ ವಾರವೆಲ್ಲ ಕೆಳಗಿನ ಟಿವಿಗೆ ಒಮ್ಮೆಯೂ ಸೋಲದೆ ಹಾಡಿಕೊಂಡೆ. ಮದುವೆಯ ನಂತರ ನಾಲ್ಕು ಜನರೆದುರು ಬಾಯಿ ತೆರೆದದ್ದೇ ಇರಲಿಲ್ಲ. ನಾನು ಹಾಡಬಲ್ಲೆನೇ ಇಲ್ಲವೇ ಎಂದು ಯಾರಾದರೂ ಒಬ್ಬರು ಹೇಳಿಬಿಡಲಿ ಎಂಬ ಆಸೆ ಎಷ್ಟಿತ್ತೆಂದರೆ, ಅದನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ.

ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ಹಲಗೆ ಜೋಡಿಸಿ ವೇದಿಕೆ ಮಾಡಿದ್ದರು. ನೀರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಾಡತೊಡಗಿದ ಮೇಲೆ ಗಾಳಿ, ಮೈಕು, ಮೇಷ್ಟರು, ಎಲ್ಲ ಮರೆತುಹೋಯಿತು. ಮೇಲಿನ ಷಡ್ಜದಲ್ಲಿ ನಿಂತಾಗ ದನಿ ಬಯಲನ್ನೆಲ್ಲ ದಾಟಿ ನೀರಿನ ಮೇಲೆ ಹೋದದ್ದು ನನಗೇ ಕೇಳಿಸಿತು. ವಾಪಸು ಬರಲಿಲ್ಲ, ಬರಬೇಕೆಂದೂ ಅನ್ನಿಸಲಿಲ್ಲ. ಬಯಲಿನ ಬಗ್ಗೆ ನನ್ನ ಅಭಿಪ್ರಾಯ ಒಂದೇ ಒಂದು ಸಲ ಬದಲಾಗಿದ್ದು ಆಗ.

ಇಳಿದು ಬಂದೆ. ಮೂವರೂ ಸುಮ್ಮನೆ ಕೂತಿದ್ದರು. ನಾನು ಅಮ್ಮನ ಹಾಳೆಯ ಪಕ್ಕ ಕುಕ್ಕರಿಸಿದೆ. ಅಮ್ಮ ನನ್ನ ಕಡೆ ನೋಡದೆ, ಸೆರಗಿನಿಂದ ಮೂಗು ಒರೆಸಿಕೊಂಡು, “ಅಡ್ಡಿಲ್ಲ ಮಾರಾಯ್ತಿ,” ಎಂದರು. “ಅಡ್ಡಿಲ್ಲ,” ಎಂದರು ಮೇಷ್ಟರು. ಸಾಹೇಬರು ತಲೆ ಆಡಿಸಿದರು. ಆಮೇಲೆ ದೊಡ್ಡವರ ಕಛೇರಿ ನಡೆಯಿತು. ಆ ಕಡೆ ಕಾಡಿನಿಂದ ಆನೆ ಇಳಿದಿದೆ ಎಂದು ಯಾರೋ ಹೇಳಿ, ಅವಸರದಲ್ಲಿ ಮಂಗಳ ಹಾಡಿಸಿ ಎಲ್ಲರನ್ನೂ ಕಳಿಸಿದರು. ವ್ಯಾನಿನಲ್ಲಿ ಆನೆಯ ಮಾತೂ ಇಲ್ಲ, ಹಲಸಿನ ಮಾತೂ ಇಲ್ಲ. ನನ್ನ ಹಾಡಿನ ಬಗ್ಗೆ ಎರಡು ಒಳ್ಳೆಯ ಮಾತು ಈಗ ಬರಬಹುದು, ಈಗ ಬರಬಹುದು ಎಂದು ಕಾದೆ. ಸಾಹೇಬರನ್ನು ಅವರ ಪೇಟೆಯಲ್ಲೇ ಇಳಿಸಿದೆವು. ಕೊಪ್ಪ ಬಂತು. ನಾನು ಇಳಿಯುವಾಗ ಅಮ್ಮ ಇನ್ನೊಮ್ಮೆ, “ಅಡ್ಡಿಲ್ಲ,” ಎಂದರು.

ಮನೆಗೆ ಬಂದು ಅತ್ತುಬಿಟ್ಟೆ. ಕನಿಕರಕ್ಕೆ ಎರಡೆರಡು ಸಲ ಹೇಳಿದರಲ್ಲ ಎಂದು ಇನ್ನೂ ಅಳು ಬಂತು. ಮರುದಿನ ಬೆಳಗ್ಗೆ ಶ್ರುತಿ ಹಾಕಲಿಲ್ಲ. ಅದರ ಮರುದಿನವೂ ಇಲ್ಲ. ಸ್ವಲ್ಪ ದಿನದಲ್ಲೇ ಕೆಳಗಿನ ಮನೆಯ ಟಿವಿಯ ಸದ್ದು ತಾನಾಗಿ ಇಳಿಯಿತು. ಮಳೆಗಾಲದಲ್ಲಿ ಕೆಲಸದ ಮೇಲೆ ಆ ಕಡೆ ಹೋದಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ನಾನು ಹಾಡಿದ ಜಾಗದ ಮೇಲೆ ನೀರು ನಿಂತಿತ್ತು. ಒಳ್ಳೆಯದೇ ಆಯಿತು ಎಂದುಕೊಂಡೆ.

ವ್ಯಾನನ್ನು ಮಾತ್ರ ಬಿಡಲಿಲ್ಲ. ಬಿಟ್ಟು ಹೋಗುವುದೆಲ್ಲಿಗೆ? ಮುಂದಿನ ಬೇಸಿಗೆಯಲ್ಲಿ ಮೇಷ್ಟರು, “ಈ ಸಲ ಹಾಡ್ತೀರಾ?” ಎಂದು ಕೇಳಿದರು. “ಗಂಟಲು ಸರಿಯಿಲ್ಲ,” ಎಂದೆ. ಸುಳ್ಳು. ಅಮ್ಮ ಕಾಳುಮೆಣಸು, ಜೇನು ಸೇರಿಸಿದ ಏನೋ ಒಂದನ್ನು ಬಾಟಲಿಗೆ ತುಂಬಿ ಕಳಿಸಿದರು. ಊರಿಗೆಲ್ಲ ಔಷಧಿ ಕೊಡುವವಳ ಕಪಾಟಿನಲ್ಲಿ ಆ ಬಾಟಲಿ ಮುಚ್ಚಳ ತೆರೆಯದೆ ಕೂತಿತು. ಆಮೇಲೆ ಯಾರೂ ಕೇಳಲಿಲ್ಲ. ಊಟಕ್ಕಾದರೆ ಎಲೆಗೆ ಅಡ್ಡ ಕೈ ಹಿಡಿದರೂ ಬಿಡದೆ ಬಡಿಸುವ ಈ ಜನ ಹಾಡಿಗೆ ಎರಡನೇ ಸಲ ಒತ್ತಾಯ ಮಾಡುವುದಿಲ್ಲ.

ಹೀಗೆ ಕೆಲವು ಬೇಸಿಗೆ ಕಳೆದವು. ಜಗಳ ಕೇಳುತ್ತಾ ಹೋಗುವುದು, ಮೌನ ಕೇಳುತ್ತಾ ಬರುವುದು. ವ್ಯಾನು ತುಂಬ ಜನವಿದ್ದರೂ ನಾನು ಒಬ್ಬಳೇ ಇದ್ದೆ. ಮನೆಯ ಒಂಟಿತನಕ್ಕೆ ಬಾಗಿಲಾದರೂ ಇತ್ತು; ಇದಕ್ಕೆ ಅದೂ ಇರಲಿಲ್ಲ.

ಈ ಬೇಸಿಗೆ ಶೃಂಗೇರಿಯಲ್ಲಿ ತುಂಗೆಯ ದಂಡೆಯ ಕಛೇರಿ. ಹಾಡುವಾಕೆ ವಯಸ್ಸಾದವರು. ಇಳಿಬಿಸಿಲಿರುವಾಗಲೇ ಶುರುವಾಯಿತು. ಆಲಾಪನೆಯ ನಡುವೆ ಕರೆಂಟು ಹೋಯಿತು, ಜನರೇಟರು ಎರಡು ಸಲ ಕೆಮ್ಮಿ ನಿಂತಿತು. ಸೌಂಡಿನವನು ಓಡಾಡತೊಡಗಿದ. ಆಕೆ ನಿಲ್ಲಿಸಲಿಲ್ಲ. ಮೈಕನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಹಾಡುತ್ತಲೇ ಹೋದರು. ಹಿಂದಿನವರೆಲ್ಲ ಕುರ್ಚಿ ಬಿಟ್ಟು ಮುಂದೆ ಬಂದು ನೆಲಕ್ಕೆ ಕೂತರು. ಮೇಷ್ಟರೂ ಕೂತರು, ಸಾಹೇಬರೂ ಕೂತರು. ಅಮ್ಮ ತಮ್ಮ ಹಾಳೆಯನ್ನು ಅರ್ಧ ನನಗೆ ಬಿಟ್ಟುಕೊಟ್ಟರು. ಕೆಳಗೆ ಹೊಳೆ ಸಣ್ಣಗೆ ಹರಿಯುತ್ತಿತ್ತು. ಆ ಹಣ್ಣಾದ ದನಿ ಅದರ ಪಕ್ಕದಲ್ಲೇ ಹರಿದು ನಮ್ಮ ತನಕ ಬರುತ್ತಿತ್ತು. ನನ್ನ ಕಣ್ಣು ತುಂಬಿತು.

ಮುಗಿದು ವ್ಯಾನಿನಲ್ಲಿ ಕೂತೆವು. ಮೇಷ್ಟರು ಕೀಲಿ ತಿರುಗಿಸದೆ ಕನ್ನಡಕ ಒರೆಸುತ್ತಾ ಉಳಿದರು. ತುಂಬಾ ಹೊತ್ತಾದ ಮೇಲೆ ಸಾಹೇಬರು, “ಅಡ್ಡಿಲ್ಲ,” ಎಂದರು. “ಹ್ಞೂಂ,” ಎಂದರು ಅಮ್ಮ, “ಅಡ್ಡಿಲ್ಲ.”

ನನಗೆ ಎಲ್ಲಿತ್ತೋ ಸಿಟ್ಟು. “ಎಂಥ ಜನ ನೀವು?” ಎಂದೆ. “ಆ ತಾಯಿ ಜೀವ ಹಿಂಡಿ ಹಾಡಿದ್ದಾರೆ. ಅದಕ್ಕೂ ಅಡ್ಡಿಲ್ಲವೇ? ಚೆನ್ನಾಗಿತ್ತು ಅನ್ನೋದಕ್ಕೆ ಬಾಯಿ ಸವೆಯುತ್ತಾ?”

ಮೂವರೂ ತಿರುಗಿ ನನ್ನನ್ನು ನೋಡಿದರು. ಅಮ್ಮನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. “ಇದಕ್ಕಲ್ದೆ ಮತ್ತೆ ಎಂತಕ್ಕೆ ಹೇಳೋದು ಮಾರಾಯ್ತಿ? ಅದಕ್ಕಿಂತ ಮೇಲೆ ಮಾತು ಎಲ್ಲಿದೆ?”

“ಚೆನ್ನಾಗಿತ್ತು ಅಂತ ನಾವು ಅಂಗಡಿಗೆ ಬಂದೋರ ಹತ್ರ ಹೇಳ್ತೇವೆ ಅಕ್ಕ, ಚಪ್ಪಲಿಗೆ,” ಎಂದರು ಸಾಹೇಬರು.

“ಚೆನ್ನಾಗಿರ್ಲಿಲ್ಲ ಅಂದ್ರೆ?” ಎಂದೆ.

“ಅದನ್ನ ಬಾಯಿಬಿಟ್ಟು ಹೇಳ್ತಾರಾ ಯಾರಾದ್ರೂ?” ಎಂದರು ಮೇಷ್ಟರು. “ಹಲಸಿನ ಸುದ್ದಿ ಮಾತಾಡ್ತೇವೆ.”

ನಾನು ಹಾಡಿದ ದಿನ ವ್ಯಾನಿನಲ್ಲಿ ಹಲಸಿನ ಮಾತು ಬಂದಿರಲಿಲ್ಲ ಎಂಬುದು ಎದೆಯೊಳಗೆ ಕಲ್ಲಿನ ಹಾಗೆ ಬಿತ್ತು. “ನಾನು ಹಾಡಿದಾಗ...” ಎಂದು ಶುರು ಮಾಡಿದೆ.

“ನಿಮಗೂ ಹೇಳಿದ್ವಲ್ಲ! ನಾನಂತೂ ಎರಡು ಸಲ ಹೇಳ್ದೆ, ಇಳಿವಾಗ್ಲೂ ಹೇಳ್ದೆ,” ಎಂದರು ಅಮ್ಮ. ಆಮೇಲೆ ದನಿ ಇಳಿಸಿ, “ಮತ್ತೆ ನೀವು ಹಾಡ್ಲೇ ಇಲ್ಲ. ಮೈಸೂರು ಕಡೆ ದೊಡ್ಡ ದೊಡ್ಡ ಸಭೆ ಕಂಡೋರು, ನಮ್ಮಂಥೋರ ಎದುರು ಹಾಡೋದು ಕಡಿಮೆ ಅನ್ನಿಸ್ತೇನೋ ಅಂದ್ಕೊಂಡ್ವಿ. ಗಂಟಲು ಅಂದದ್ದು ನೆಪ ಅಂತ ಗೊತ್ತಿತ್ತು. ಒತ್ತಾಯ ಮಾಡಿದ್ರೆ ನಿಮಗೆ ಬೇಜಾರಾಗಿ ವ್ಯಾನಿಗೂ ಬರದೆ ಇದ್ರೆ ಅಂತ ಹೆದರಿ ಸುಮ್ಮನಾದ್ವಿ.”

ಇಷ್ಟು ವರ್ಷ ನಾನು ಅವರಿಗೆ ಹೆದರಿದ್ದೆ, ಅವರು ನನಗೆ ಹೆದರಿದ್ದರು. ನಡುವೆ ಹಾಡು ಸತ್ತುಹೋಗಿತ್ತು.

“ಈಗೊಂದು ಹಾಡು ಹೇಳಿ,” ಎಂದರು ಸಾಹೇಬರು. “ಮೈಕಿಲ್ಲ, ಸೌಂಡಿನವನಿಲ್ಲ. ಮೇಷ್ಟ್ರೂ ಗೊಣಗಲ್ಲ.”

“ಗಂಟಲು ಸರಿಯಿಲ್ಲ,” ಎಂದೆ.

ಈ ಸಲ ಅದು ಸುಳ್ಳಾಗಿರಲಿಲ್ಲ, ಹಾಡದೆ ವರ್ಷಗಳಾಗಿದ್ದವು. ಅವರು ಮತ್ತೆ ನೆಪ ಎಂದುಕೊಂಡಿರಬೇಕು. ಮೇಷ್ಟರು ವ್ಯಾನು ಬಿಟ್ಟರು. ಭಂಡಿಗಡಿಯಲ್ಲಿ ಇಳಿಯುವಾಗ ಅಮ್ಮ ನನ್ನ ಮೊಣಕಾಲ ಮೇಲೆ ಒಮ್ಮೆ ಕೈ ಇಟ್ಟು ಹೋದರು.

ಮರುದಿನ ಬೆಳಗ್ಗೆ ಎದ್ದು, ಕಪಾಟಿನಲ್ಲಿದ್ದ ಅಮ್ಮನ ಬಾಟಲಿಯ ಮುಚ್ಚಳ ತೆಗೆದೆ. ಒಳಗಿದ್ದದ್ದು ಗಟ್ಟಿಯಾಗಿ ಚಮಚಕ್ಕೆ ಬಗ್ಗದಂತಾಗಿತ್ತು. ಫೋನಿನಲ್ಲಿ ಶ್ರುತಿ ಹಾಕಿದೆ. ಕೆಳಗಿನ ಮನೆಯಲ್ಲಿ ಟಿವಿಯ ಸದ್ದೇ ಇರಲಿಲ್ಲ. ನಾಲ್ಕು ಗೋಡೆ ಇತ್ತು, ಮೇಲೆ ಸೂರು ಇತ್ತು, ನನ್ನ ಅಭಿಪ್ರಾಯದ ಪ್ರಕಾರ ಸಂಗೀತಕ್ಕೆ ಬೇಕಾದದ್ದೆಲ್ಲ ಇತ್ತು. ಅಂದು ಬಯಲಿನಲ್ಲಿ ಹಾಡಿದ್ದನ್ನೇ ಹಿಡಿದೆ. ಕೆಳಗಿನ ಸ್ವರಗಳು ಹೇಗೋ ಬಂದವು. ಮಧ್ಯಕ್ಕೆ ಬರುವಾಗ ಉಸಿರು ಸಾಲಲಿಲ್ಲ. ಮೇಲಿನ ಷಡ್ಜಕ್ಕೆ ಕೈ ಹಾಕಿದೆ. ದನಿ ಒಡೆದು ಗಾಳಿ ಮಾತ್ರ ಹೊರಬಂತು. ಇನ್ನೊಮ್ಮೆ ಪ್ರಯತ್ನಿಸಿದೆ. ಅದೇ ಗಾಳಿ.

ಶ್ರುತಿ ತನ್ನ ಪಾಡಿಗೆ ನುಡಿಯುತ್ತಿತ್ತು. ಹೇಗಿತ್ತು ಎಂದು ಹೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ, ನಾನೇ ಹೇಳಬೇಕಿತ್ತು. ‘ಅಡ್ಡಿಲ್ಲ’ ಎನ್ನಲು ಬಾಯಿ ತೆರೆದೆ. ಬರಲಿಲ್ಲ.

“ಈ ಸಲ ಹಲಸು ಜೋರು ಬಿಟ್ಟಿದೆ,” ಎಂದೆ.