ಅರ್ಜಿಯ ಮೂರನೆಯ ಗೆರೆ

ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಮಸಿಗೆ ಒಂದು ವಾಸನೆಯಿದೆ. ಸೀಮೆಎಣ್ಣೆಯೂ ಅಲ್ಲ, ಹರಳೆಣ್ಣೆಯೂ ಅಲ್ಲ, ಎರಡರ ನಡುವಿನದು. ನಿನ್ನೆ ಕಚೇರಿಯಿಂದ ಮಡಿಸಿ ತಂದಿದ್ದ ನಮೂನೆಯನ್ನು ಇವತ್ತು ಬೆಳಿಗ್ಗೆ ಜಗಲಿಯ ಮೇಲೆ ಬಿಡಿಸಿದಾಗ ಅದೇ ವಾಸನೆ ಬಂತು. ವರ್ಗಾವಣೆ ಬಯಸುವವರು ತಮಗೆ ಬೇಕಾದ ಮೂರು ಊರುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು. ಅದಕ್ಕೆಂದು ಮೂರು ಗೆರೆ. ಇಂಥ ಮೂರು ಗೆರೆಗಳ ಮುಂದೆ ನಾನು ಕೂತದ್ದು ಇದು ಆರನೆಯ ಸಲ. ಬಾಯಿಗೆ ಬಂದ ಲೆಕ್ಕವಲ್ಲ, ಡೈರಿ ನೋಡಿಯೇ ಹೇಳುತ್ತಿದ್ದೇನೆ.

ಲೆಕ್ಕ ಬರೆದಿಡುವ ಚಟ ನನಗೆ ಹೈಸ್ಕೂಲಿನಲ್ಲೇ ಹತ್ತಿತು. ನಮ್ಮ ಊರು ಯಲಹಂಕದ ಈಚೆಗೆ. ನಮ್ಮ ದ್ರಾಕ್ಷಿ ತೋಟದ ಬೇಲಿಯ ಹತ್ತಿರ ನಿಂತರೆ ಜಕ್ಕೂರಿನ ಮೈದಾನಕ್ಕೆ ಇಳಿಯುವ ವಿಮಾನಗಳು ಕಾಣುತ್ತಿದ್ದವು. ಒಂದು ಬೇಸಿಗೆ ರಜವೆಲ್ಲ ನಾನು ಅವುಗಳನ್ನು ಎಣಿಸಿದೆ. ಇಳಿದದ್ದಕ್ಕೆ ಒಂದು ಗೀಟು, ಏರಿದ್ದಕ್ಕೆ ಒಂದು ಗೀಟು. ರಜ ಮುಗಿಯುವ ಹೊತ್ತಿಗೆ ಮುನ್ನೂರ ಹನ್ನೆರಡು ವಿಮಾನ. ಇಷ್ಟು ವಿಮಾನ ಬರುವ ಊರು ಜಗತ್ತಿನಲ್ಲೇ ಅಪರೂಪವಿರಬೇಕು ಎಂದುಕೊಂಡು, ಎದೆಯುಬ್ಬಿಸಿ ಮೈದಾನದ ಕಾವಲುಗಾರನಿಗೆ ಪುಸ್ತಕ ತೋರಿಸಿದೆ. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, "ಅದೆಲ್ಲಾ ಎಲ್ಡೇ ವಿಮಾನ ಕಣಪ್ಪಾ. ಕಲಿಯೋರು ಅವನ್ನೇ ಸುತ್ತಾಡಿಸ್ತಾರೆ, ನಮ್ಮ ಎತ್ತು ಗಾಣ ಸುತ್ತಿದಂಗೆ" ಎಂದ.

ನಗಬೇಡಿ. ಅಥವಾ ನಗಿ, ನಾನೂ ಈಗ ನಗುತ್ತೇನೆ. ಆದರೆ ಆವತ್ತು ಮನೆಗೆ ಬಂದು ಆ ಪುಟಗಳ ಮೇಲೆ ಅಡ್ಡಗೆರೆ ಎಳೆದವನಿಗೆ ಒಂದು ಹಟ ಹುಟ್ಟಿತು. ಹೊರಟಲ್ಲಿಗೇ ಬಂದು ಇಳಿಯುವ ವಿಮಾನ ನನಗೆ ಬೇಡ. ದೂರದಿಂದ ಬರುವ, ದೂರಕ್ಕೆ ಹೋಗುವ, ಒಂದರಂತೆ ಇನ್ನೊಂದಿಲ್ಲದ ವಿಮಾನಗಳನ್ನು ನೋಡಬೇಕು.

ಐವತ್ತರ ದಶಕ ಮುಗಿಯುತ್ತಿದ್ದಾಗ ನನ್ನ ಬಿ.ಎಸ್ಸಿ. ಮುಗಿಯಿತು. ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತು, ಇಳಿಯುವ ಏರುವ ವಿಮಾನಗಳಿಗೆ ರೇಡಿಯೋದಲ್ಲಿ ಅಪ್ಪಣೆ ಕೊಡುವ ಕೆಲಸಕ್ಕೆ ಅರ್ಜಿ ಕರೆದಿದ್ದರು. ಆ ಅರ್ಜಿಯಲ್ಲೂ ಬೇಕಾದ ಊರುಗಳಿಗೆಂದು ಇಂಥವೇ ಮೂರು ಗೆರೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದ ದೊಡ್ಡಪ್ಪನಿಗೆ ಇದನ್ನು ವಿವರಿಸಿದೆ. ಅವರು ಕೇಳಿಸಿಕೊಂಡು, "ಅಂದ್ರೆ ರೈಲ್ವೆ ಗೇಟ್ ಆಕೋ ಕೆಲ್ಸ. ನಿಂದು ಆಕಾಸದಾಗೆ, ಅಷ್ಟೇ ತಾನೇ?" ಎಂದರು. ಕೆಲಸಕ್ಕೆ ಅವರ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ದೂರದ ಊರಿಗೆ. ದೊಡ್ಡಪ್ಪನಿಗೆ ರುಜು ಹಾಕಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ತಾಲ್ಲೂಕು ಕಚೇರಿಯಿಂದ ಬರುವ ಕಾಗದಗಳನ್ನು ಹಿಡಿದುಕೊಂಡು ಜೀವಮಾನವೆಲ್ಲ ಕಂಡಕಂಡವರ ಬಾಗಿಲಲ್ಲಿ ನಿಂತ ಮನುಷ್ಯ. ಮನೆಯಲ್ಲಿ ಓದಿದವನೊಬ್ಬ ಇರಬೇಕೆಂದೇ ನನ್ನನ್ನು ಓದಿಸಿದ್ದರು.

ಅದಕ್ಕೇ ನನ್ನನ್ನು ಯಶವಂತಪುರಕ್ಕೆ, ಅರ್ಜಿ ಮೇಷ್ಟ್ರ ಮನೆಗೆ ಕರೆದುಕೊಂಡು ಹೋದರು. ಮೇಷ್ಟ್ರು ಎಂದರೆ ಪಾಠ ಹೇಳಿದವರಲ್ಲ, ಯಾವುದೋ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಸುತ್ತಲಿನ ಹಳ್ಳಿಗಳಲ್ಲಿ ಯಾರೇ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದರೂ ಅದು ಅವರ ಜಗಲಿ ಹತ್ತಿ ಇಳಿಯಬೇಕು. ಊರಿನ ಆಯ್ಕೆಯ ವಿಷಯದಲ್ಲಿ ಅವರದೊಂದು ಸಿದ್ಧಾಂತವಿತ್ತು.

"ಸರ್ಕಾರ ಕೇಳಿದ್ದು ಕೊಡೋದಿಲ್ಲ ಕಣಯ್ಯಾ. ನನ್ನ ತಂಗಿ ಮಗ ಬೆಂಗಳೂರು ಅಂತ ಬರೆದ, ನಾಗಪುರಕ್ಕೆ ಎತ್ತಿ ಹಾಕಿದ್ರು. ಬೆಂಗಳೂರು ಬೇಕಾದ್ರೆ ದೂರದ ಊರು ಬರೀಬೇಕು. ಮೊದಲನೇ ಗೆರೇಲಿ ಹಾಕು, ಕಲ್ಕತ್ತ."

ದೊಡ್ಡಪ್ಪನ ಮುಖ ಅರಳಿತು. "ಬರಿಯೋ, ಬರಿ" ಎಂದರು.

ಇಲ್ಲಿ ನನ್ನ ಅವಸ್ಥೆ ನೋಡಿ. ಪತ್ರಿಕೆಗಳಲ್ಲಿ ಬರುತ್ತಿದ್ದ ವಿಮಾನಗಳ ವೇಳಾಪಟ್ಟಿ ಕತ್ತರಿಸಿ, ಯಾವ ಊರಿಗೆ ಎಲ್ಲೆಲ್ಲಿಂದ ವಿಮಾನ ಬರುತ್ತದೆಂದು ಮೂರು ವಾರ ಕೂತು ಪಟ್ಟಿ ಮಾಡಿ, ನಾನು ಆರಿಸಿಕೊಂಡಿದ್ದ ಊರೂ ಕಲ್ಕತ್ತವೇ. ಸುಮ್ಮನೆ ಬರೆದುಬಿಟ್ಟಿದ್ದರೆ ಮುಗಿಯುತ್ತಿತ್ತು. ನನ್ನ ಆಸೆಯೂ ಹೋಗುತ್ತಿತ್ತು, ಅವರ ಉಪಾಯವೂ ಹೋಗುತ್ತಿತ್ತು, ಒಂದೇ ಲಕೋಟೆಯಲ್ಲಿ. ಆದರೆ ಪೆನ್ನು ಮುಂದಕ್ಕೆ ಹೋಗಲಿಲ್ಲ. ನನ್ನ ಜೀವನದಲ್ಲಿ ನಾನಾಗಿ ಬಯಸಿದ ಮೊದಲ ವಸ್ತು ಅದು. ಅದು ಮೇಷ್ಟ್ರ ಹೂಟದ ವೇಷ ಹಾಕಿಕೊಂಡು ಹೋಗುವುದನ್ನು ನನಗೆ ಸಹಿಸಲಾಗಲಿಲ್ಲ.

"ಬರೀತೀನಿ ದೊಡ್ಡಪ್ಪ. ಆದ್ರೆ ಬೆಂಗಳೂರು ಸಿಗ್ಲಿ ಅಂತಲ್ಲ. ನಂಗೆ ಕಲ್ಕತ್ತಕ್ಕೇ ಹೋಗ್ಬೇಕು."

"ಏನಂದೆ?"

"ಹೋಗ್ಬೇಕು ಅಂದೆ."

ಮೇಷ್ಟ್ರು ಮೂಗಿನ ಮೇಲಿದ್ದ ಕನ್ನಡಕ ತೆಗೆದು ಒರೆಸಿಕೊಂಡರು. ದೊಡ್ಡಪ್ಪ ಎದ್ದರು. ಯಶವಂತಪುರದಿಂದ ಮನೆಯವರೆಗೂ ಅವರು ಮುಂದೆ, ನಾನು ಹಿಂದೆ. ಆವತ್ತು ಅವರು ಊಟಕ್ಕೆ ಏಳಲಿಲ್ಲ. ನಾನು ಉಂಡೆ. ಎಷ್ಟು ಮುದ್ದೆ ಎಂಬುದೂ ಡೈರಿಯಲ್ಲಿದೆ, ಎರಡು. ಹಟಕ್ಕೆ ತಿಂದದ್ದು.

ಎರಡು ತಿಂಗಳಾದ ಮೇಲೆ ಆದೇಶ ಬಂತು. ಬೆಂಗಳೂರು. ದೊಡ್ಡಪ್ಪ ತೋಟದ ಮೊದಲ ಬುಟ್ಟಿ ದ್ರಾಕ್ಷಿಯನ್ನು ಮೇಷ್ಟ್ರ ಮನೆಗೆ ಕಳಿಸಿದರು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಸಿದ್ಧಾಂತ ಶಾಸ್ತ್ರವಾಯಿತು. ನಾನು ಯಲಹಂಕದಿಂದ ಎರಡು ಬಸ್ಸು ಬದಲಾಯಿಸಿ ನಗರದ ಆಚೆ ಬದಿಯ ಗೋಪುರಕ್ಕೆ ಹೋಗುತ್ತ, ಪ್ರತಿ ವರ್ಷ ವರ್ಗಾವಣೆಯ ನಮೂನೆ ತರುತ್ತ, ಕಲ್ಕತ್ತ ಎಂದು ಬರೆಯುತ್ತ ಬಂದೆ. "ಬರಿ, ಬರಿ. ಬಿಡ್ಬ್ಯಾಡ" ಎಂದು ದೊಡ್ಡಪ್ಪ ನನಗಿಂತ ಹೆಚ್ಚು ಉತ್ಸಾಹ ತೋರಿಸುತ್ತಿದ್ದರು. ನಿನ್ನೆ ಬಸ್ಸಿನಲ್ಲಿ ಸಿಕ್ಕ ಮೇಷ್ಟ್ರಂತೂ ನನ್ನ ಕೈಲಿದ್ದ ಕಾಗದ ನೋಡಿ ಕರಗಿಹೋದರು. "ನಿಜವಾಗ್ಲೂ ಕಲ್ಕತ್ತ ಬೇಕೇನಯ್ಯಾ? ಹಾಗಾದ್ರೆ ಒಂದ್ಸಲ ಬೆಂಗಳೂರು ಅಂತ ಬರೆದು ನೋಡು."

ಆ ಮಾತು ಕೇಳಿ ನಾನು ಒಂದು ಸ್ಟಾಪು ಹಿಂದೆಯೇ ಇಳಿದೆ. ನಡೆಯುತ್ತ ಯೋಚಿಸಿದ್ದು ಸಿದ್ಧಾಂತವನ್ನಲ್ಲ. ನನಗೊಂದು ಸಂಶಯ ಹುಟ್ಟಿತ್ತು. ಅದಕ್ಕೇ ಇವತ್ತು ಬೆಳಿಗ್ಗೆ ಹಳೆಯ ಡೈರಿಗಳನ್ನೆಲ್ಲ ಇಳಿಸಿದೆ. ಪ್ರತಿ ಅರ್ಜಿಯ ನಕಲನ್ನೂ ನಾನು ಅದರಲ್ಲಿ ಅಂಟಿಸಿದ್ದೇನೆ. ಐದು ನಕಲು. ಐದರಲ್ಲೂ ಮೊದಲನೆಯ ಗೆರೆ ಕಲ್ಕತ್ತ, ಎರಡನೆಯದು ಬೊಂಬಾಯಿ. ಮೂರನೆಯದು, ನನ್ನದೇ ದುಂಡಗಿನ ಅಕ್ಷರದಲ್ಲಿ, ಬೆಂಗಳೂರು.

ಮೊದಲ ಸಲ ಬರೆದದ್ದು ಅಂಚೆ ಕಚೇರಿಯಲ್ಲಿ. ಊಟ ಮಾಡದೆ ಗೋಡೆಗೆ ಮುಖ ಮಾಡಿ ಮಲಗಿದ್ದ ದೊಡ್ಡಪ್ಪ ಕಣ್ಣಮುಂದೆ ಬಂದರು. ಯಾರಿಗೂ ಹೇಳದೆ ಬರೆದೆ. ಆಮೇಲೆ ಅದು ರೂಢಿಯಾಯಿತು. ಸರ್ಕಾರವನ್ನೂ ಮೇಷ್ಟ್ರನ್ನೂ ಬೈದುಕೊಂಡು ತಿರುಗಿದವನಿಗೆ ಸರ್ಕಾರ ಪ್ರತಿ ಸಲವೂ ಕೇಳಿದ್ದನ್ನೇ ಕೊಟ್ಟಿತ್ತು. ವಿಮಾನ ಎಣಿಸಿದ ಬುದ್ಧಿಯೇ ಇದು, ಗೀಟು ಹಾಕಲು ಬಂತು, ಹಾಕಿದ್ದನ್ನು ನೋಡಲು ಬರಲಿಲ್ಲ.

ಪೆನ್ನು ತೆಗೆದುಕೊಂಡೆ. ಮೊದಲನೆಯ ಗೆರೆಯಲ್ಲಿ ಕಲ್ಕತ್ತ ಎಂದು ಬರೆದೆ. ಉಳಿದೆರಡರ ಮೇಲೆ ಅಡ್ಡಗೆರೆ ಎಳೆದೆ.

ದೊಡ್ಡಪ್ಪ ಪಕ್ಕದಲ್ಲೇ ಕೂತು ದ್ರಾಕ್ಷಿ ಬಳ್ಳಿ ಸವರುವ ಕತ್ತರಿಗೆ ಎಣ್ಣೆ ಹಾಕುತ್ತಿದ್ದರು. "ಕಲ್ಕತ್ತ ತಾನೇ?"

"ಹೂಂ."

"ಕೆಳಗೇನ್ಲಾ, ಗೀಚಿದ್ದೀಯ?"

"ಇಷ್ಟು ವರ್ಷ ಅಲ್ಲಿ ಬೆಂಗಳೂರು ಅಂತ ಬರೀತಿದ್ದೆ ದೊಡ್ಡಪ್ಪ. ನಿಮಗೋಸ್ಕರ. ಅದಕ್ಕೇ ಇಲ್ಲಿದ್ದೆ. ಈ ಸಲ ಹೊಡೆದು ಹಾಕಿದ್ದೀನಿ."

ಅವರು ಕತ್ತರಿ ಕೆಳಗಿಟ್ಟು, ಕೈ ಒರೆಸಿಕೊಂಡು, ಕಾಗದವನ್ನು ತೆಗೆದುಕೊಂಡರು. ಓದಲು ಬಾರದ ಕಣ್ಣಿನಿಂದ ಆ ಎರಡು ಅಡ್ಡಗೆರೆಗಳನ್ನು ಬಹಳ ಹೊತ್ತು ನೋಡಿದರು.

"ಅಂಗಾದ್ರೆ ಮೇಷ್ಟ್ರಿಗೆ ಕೊಟ್ಟ ಅಷ್ಟು ದ್ರಾಕ್ಸಿ ದಂಡವಾಯ್ತಲ್ಲೋ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ನಂಗೆ ಕಾಗ್ದ ಯಾರ್ಲಾ ಓದೋರು?"

"ನಾನು ಬರೆದ ಕಾಗದ ಬಂದಾಗ ಮೇಷ್ಟ್ರ ಹತ್ರ ಓದಿಸ್ಕೊಳ್ಳಿ. ಅವ್ರು ಓದಿದ್ದನ್ನ ಉಲ್ಟಾ ತಿಳ್ಕೋಬೇಡಿ, ಅಷ್ಟೇ."

ಅವರು ನಗಲಿಲ್ಲ. ಕಾಗದವನ್ನು ವಾಪಸು ಕೊಟ್ಟು ಮತ್ತೆ ಕತ್ತರಿ ಎತ್ತಿಕೊಂಡರು. ನಾನು ಅದನ್ನು ಲಕೋಟೆಗೆ ಹಾಕಿ, ಅಲ್ಲೇ, ಅವರ ಎದುರಿಗೇ, ಅಂಟಿಸಿದೆ. ಡೈರಿಯಲ್ಲಿ ಇವತ್ತಿನ ಪುಟಕ್ಕೆ ಬರೆದದ್ದು ಇಷ್ಟೇ: ನಮೂನೆ ಆರು, ಊರು ಒಂದು.